ಮೆಟಾರೈಝಿಯಂ ಹೊಡೆದು ಮೂರು ದಿನವಾದರೂ ಹುಳು ಸತ್ತಿಲ್ಲ, ಯಾಕೆ?

ಪ್ರಶ್ನೆ: ನಮ್ಮದು ಚನ್ನಗಿರಿ ತಾಲ್ಲೂಕು. ಮೂರು ಎಕರೆ ಮೆಕ್ಕೆಜೋಳ, ಒಂದೂವರೆ ಎಕರೆ ಅಡಿಕೆ ಇದೆ. ಜೋಳದ ಸುಳಿಗೆ ಸೈನಿಕ ಹುಳು ಬಿದ್ದಾಗ ರಾಸಾಯನಿಕ ಬೇಡ ಅಂತ ಮೆಟಾರೈಝಿಯಂ ಅನ್ನುವ ಶಿಲೀಂಧ್ರದ ಪುಡಿ ತಂದು, ಲೀಟರಿಗೆ 5 ಗ್ರಾಂ ಕಲಸಿ ಹೊಡೆದೆ. ಮೂರು ದಿನವಾದರೂ ಹುಳುಗಳು ಆರಾಮಾಗಿ ಮೇಯುತ್ತಿದ್ದವು. ಪಕ್ಕದ ಹೊಲದವರು ನಗುತ್ತಿದ್ದಾರೆ. ಈ ಶಿಲೀಂಧ್ರದ ಔಷಧಿಗಳು ನಿಜಕ್ಕೂ ಕೆಲಸ ಮಾಡುತ್ತವಾ? ಅಡಿಕೆಯಲ್ಲಿ ಬೇರುಹುಳು ಇದೆ, ಅದಕ್ಕೂ ಇದನ್ನೇ ಹಾಕಬಹುದಾ? ಪುಡಿಯನ್ನು ಬೆಲ್ಲದ ನೀರಿನಲ್ಲಿ ಡ್ರಮ್ಮಿಗೆ ಹಾಕಿ ಬೆಳೆಸಿಕೊಳ್ಳಬಹುದು ಅಂತಾರೆ, ಸರಿಯಾ? ಬದುವಿನ ಆಚೆ ಒಬ್ಬರು ರೇಷ್ಮೆ ಸಾಕುತ್ತಾರೆ, ಅವರಿಗೆ ತೊಂದರೆ ಆಗುತ್ತಾ? ಇನ್ನೂ 4 ಕೆಜಿ ಪುಡಿ ಉಳಿದಿದೆ, ಮುಂದಿನ ವರ್ಷಕ್ಕೆ ಇಡಬಹುದಾ?

ಉತ್ತರ:

ಕೆಲಸ ಮಾಡುತ್ತವೆ. ಆದರೆ ಮೂರನೇ ದಿನಕ್ಕೇ ಹೊಲಕ್ಕೆ ಹೋಗಿ ಸತ್ತ ಹುಳು ಹುಡುಕಿದರೆ, ಎಷ್ಟು ಒಳ್ಳೆಯ ಪುಡಿ ಹಾಕಿದ್ದರೂ ನಿರಾಸೆಯೇ. ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ನಿಮ್ಮ ಹತ್ತಿರ ಇರುವ ಎರಡು ಬೆಳೆಗಳಲ್ಲಿ ಈ ಪುಡಿಗೆ ಸರಿಯಾದ ಜಾಗ ಅಡಿಕೆ ತೋಟದ ಮಣ್ಣು. ಮೆಕ್ಕೆಜೋಳ ಆಮೇಲಿನದು. ನೀವು ಉಲ್ಟಾ ಶುರು ಮಾಡಿದ್ದೀರಿ, ಅಷ್ಟೇ.

ಇದು ಹುಳುವನ್ನು ಕೊಲ್ಲುವ ರೀತಿ ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ರಾಸಾಯನಿಕಗಳಲ್ಲಿ ಬಹಳಷ್ಟು ಹುಳುವಿನ ನರಕ್ಕೋ ಸ್ನಾಯುವಿಗೋ ಬಡಿಯುತ್ತವೆ, ಗಂಟೆಗಳಲ್ಲಿ ಹುಳು ಬಿದ್ದುಹೋಗುತ್ತದೆ. ಬಿಟಿ ಅನ್ನುವ ಬ್ಯಾಕ್ಟೀರಿಯಾ ಹುಳುವಿನ ಹೊಟ್ಟೆಗೆ ಹೋಗಬೇಕು. ಶಿಲೀಂಧ್ರ ಹೊಟ್ಟೆಗೆ ಹೋಗಬೇಕಾಗಿಲ್ಲ, ಮೈಗೆ ಅಂಟಿದರೆ ಸಾಕು. ರಸ ಹೀರುವ ಹೇನು, ಬಿಳಿನೊಣಗಳ ಮೇಲೆ ಬಿಟಿ ನಡೆಯುವುದಿಲ್ಲ, ಶಿಲೀಂಧ್ರ ನಡೆಯುತ್ತದೆ ಅನ್ನುವುದು ಇದಕ್ಕೇ.

ನೀವು ಹೊಡೆದ ಪುಡಿಯಲ್ಲಿ ಇರುವುದು ಬೂಷ್ಟಿನ ಕಣಗಳು. ಒಂದೊಂದು ಕಣವೂ ಬಿತ್ತನೆ ಬೀಜದ ಹಾಗೆ: ತೇವ ಸಿಕ್ಕರೆ ಮೊಳಕೆ, ಇಲ್ಲದಿದ್ದರೆ ಇಲ್ಲ. ಹುಳುವಿನ ಚರ್ಮದ ಮೇಲೆ ಅದು ಮೊಳೆಯಲು ಸುಮಾರು 12ರಿಂದ 24 ಗಂಟೆ ಬೇಕು. ಅಷ್ಟು ಹೊತ್ತು ಸುತ್ತಲಿನ ಗಾಳಿ ಒದ್ದೆಯಾಗಿರಬೇಕು. ಮೊಳೆತ ಮೇಲೆ ಚರ್ಮದ ಪದರಗಳನ್ನು ಕರಗಿಸುವ ಕಿಣ್ವಗಳನ್ನು ಬಿಟ್ಟು, ಜೊತೆಗೆ ಒತ್ತಿ ಒಳಗೆ ತೂರುತ್ತದೆ. ಒಳಗೆ ಹೋದರೆ ಹುಳುವಿನ ರಕ್ತದಲ್ಲೇ ಬೆಳೆಯುತ್ತದೆ, ಮೆಟಾರೈಝಿಯಂ ಆದರೆ ಡಿಸ್ಟ್ರಕ್ಸಿನ್ ಅನ್ನುವ ನಂಜನ್ನೂ ಬಿಡುತ್ತದೆ. ಎಳೆಯ ಹುಳು ನಾಲ್ಕೈದು ದಿನಕ್ಕೆ, ಬಲಿತದ್ದು ವಾರ ಹತ್ತು ದಿನಕ್ಕೆ ಸಾಯುತ್ತದೆ. ಸಾಯುವ ಒಂದೆರಡು ದಿನ ಮುಂಚೆಯೇ ಮೇಯುವುದು ಕಡಿಮೆಯಾಗುತ್ತದೆ. ಹಾಗಾಗಿ ಮೊದಲು ನೋಡಬೇಕಾದ್ದು ಸತ್ತ ಹುಳುವನ್ನಲ್ಲ. ಸುಳಿಯಲ್ಲಿ ಹಸಿ ಹಿಕ್ಕೆ ಕಡಿಮೆಯಾಗಿದೆಯಾ, ಹೊಸ ಎಲೆ ತೂತಿಲ್ಲದೆ ಬರುತ್ತಿದೆಯಾ, ಅದನ್ನು ನೋಡಿ.

ಈಗ ನಿಮ್ಮ ಜೋಳದ ಹೊಲಕ್ಕೆ ಬರೋಣ. ಎಷ್ಟು ಗಂಟೆಗೆ ಹೊಡೆದಿರಿ, ಹುಳು ಎಷ್ಟು ದೊಡ್ಡದಿತ್ತು ಅಂತ ನೀವು ಬರೆದಿಲ್ಲ. ನನ್ನ ಅನುಮಾನ ಎರಡರ ಮೇಲೂ ಇದೆ.

ಬೆಳಗಿನ ತಿಂಡಿ ಮುಗಿಸಿ, ಟ್ಯಾಂಕ್ ತುಂಬಿಸಿ, ಹತ್ತು ಹನ್ನೊಂದು ಗಂಟೆಗೆ ಹೊಲಕ್ಕೆ ಇಳಿಯುವುದು ನಮ್ಮ ಕಡೆ ರೂಢಿ. ರಾಸಾಯನಿಕಕ್ಕೆ ಅದು ನಡೆಯುತ್ತದೆ. ಶಿಲೀಂಧ್ರದ ಕಣ ನೇರ ಬಿಸಿಲಿನಲ್ಲಿ ಕೆಲವು ಗಂಟೆಗಳಲ್ಲೇ ಸಾಯುತ್ತದೆ. ಬಿಸಿಲಿನ ನೇರಳಾತೀತ ಕಿರಣ ಅದಕ್ಕೆ ದೊಡ್ಡ ಶತ್ರು. ಬಿಸಿಯೂ ಹಾಗೇ. 25ರಿಂದ 28 ಡಿಗ್ರಿ ಅದಕ್ಕೆ ಹಿತ, 35 ದಾಟಿದರೆ ಬೆಳವಣಿಗೆ ಹೆಚ್ಚುಕಡಿಮೆ ನಿಲ್ಲುತ್ತದೆ. ಸಂಜೆ ನಾಲ್ಕೂವರೆ ಐದರ ಮೇಲೆ ಹೊಡೆದರೆ ಇಡೀ ರಾತ್ರಿಯ ತಂಪು ಮತ್ತು ಇಬ್ಬನಿ ಸಿಗುತ್ತದೆ. ಮೋಡ ಮುಚ್ಚಿ ಜಿನುಗುವ ದಿನಗಳು ಇನ್ನೂ ಒಳ್ಳೆಯದು. ಆದರೆ ಹೊಡೆದ ಕೂಡಲೇ ಜೋರು ಮಳೆ ಬಂದರೆ ತೊಳೆದುಹೋಗುತ್ತದೆ.

ಹುಳುವಿನ ಗಾತ್ರದ ವಿಷಯಕ್ಕೆ ಬಂದರೆ, ಬಿತ್ತನೆಯಾಗಿ 15ರಿಂದ 25 ದಿನದ ಒಳಗೆ, ಎಲೆ ಮೇಲೆ ಕೆರೆದ ಹಾಗೆ ಬಿಳಿ ಗುರುತು, ಸಣ್ಣ ಸಣ್ಣ ತೂತು ಕಾಣುವಾಗಲೇ ಹೊಡೆಯಬೇಕು. ಆಗ ಹುಳು ಇನ್ನೂ ಎಳೆಯದು. ಸುಳಿ ತುಂಬ ಮರದ ಹೊಟ್ಟಿನಂಥ ಹಿಕ್ಕೆ ತುಂಬಿದೆ ಅಂದರೆ ಒಳಗಿರುವುದು ಬಲಿತ ಹುಳು. ಹಿಕ್ಕೆಯೇ ಅದಕ್ಕೆ ಮುಚ್ಚಳ, ನಿಮ್ಮ ನೀರು ಕೆಳಗೆ ಇಳಿಯುವುದೇ ಇಲ್ಲ. ಇನ್ನೊಂದು ಸಂಗತಿ ಇದೆ. ಕಣ ಅಂಟಿದ ದಿನವೇ ಹುಳು ಪೊರೆ ಕಳಚಿದರೆ, ಇನ್ನೂ ಒಳಗೆ ತೂರದ ಕಣಗಳೂ ಪೊರೆಯ ಜೊತೆ ಹೋಗಿಬಿಡುತ್ತವೆ. ಅದಕ್ಕೇ ಒಂದೇ ಸಲ ಹೊಡೆದು ಬಿಡುವುದಲ್ಲ, 10 ದಿನಕ್ಕೆ ಇನ್ನೊಮ್ಮೆ ಹೊಡೆಯಬೇಕು. ಲೀಟರಿಗೆ 5 ಗ್ರಾಂ ಅನ್ನುವ ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ನಾಜಲ್ ತಿರುಗಿಸಿ ಎಲೆಗೆ ಹರಡುವ ಬದಲು ಸುಳಿಗೇ ನೀರು ಇಳಿಯುವಂತೆ ಬಿಡಿ. ಬಯಲಿನ ಹೊಲದಲ್ಲಿ ನೆರಳು, ತೇವ ಎರಡೂ ಸಿಗುವ ಒಂದೇ ಜಾಗ ಆ ಸುಳಿ.

ಕಲಸುವಾಗಿನ ಒಂದು ಸಣ್ಣ ವಿಷಯ ಹಲವರು ಬಿಡುತ್ತಾರೆ. ಮೆಟಾರೈಝಿಯಂ ಕಣಗಳಿಗೆ, ಹಾಗೇ ಹುಳು ಕೊಲ್ಲುವ ಇನ್ನೊಂದು ಶಿಲೀಂಧ್ರವಾದ ಬವೇರಿಯಾದ ಕಣಗಳಿಗೆ ನೀರು ಅಂಟುವುದಿಲ್ಲ. ಪುಡಿಯನ್ನು ಸುಮ್ನೆ ನೀರಿಗೆ ಸುರಿದರೆ ಕಣಗಳ ಜೊತೆ ಬೆರೆಸಿರುವ ಟಾಲ್ಕ್ ಪುಡಿ ತಳ ಸೇರುತ್ತದೆ, ಕಣಗಳು ಮೇಲೆ ತೇಲುತ್ತವೆ. ಮೊದಲು ಸ್ವಲ್ಪ ನೀರಿನಲ್ಲಿ, ಅಂಟುದ್ರಾವಣ ಅಥವಾ ಒಂದು ಚೂರು ಮೆದು ಸೋಪಿನ ಜೊತೆ ಹಿಟ್ಟು ಕಲಸುವ ಹದಕ್ಕೆ ಕಲಸಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಟ್ಯಾಂಕಿಗೆ ಹಾಕಿ. ಬಾವಿ ಅಥವಾ ಬೋರಿನ ನೀರು ಸಾಕು. ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ. ಹಿಂದಿನ ವಾರ ಶಿಲೀಂಧ್ರನಾಶಕ ಹೊಡೆದ ಟ್ಯಾಂಕ್ ಆದರೆ ಚೆನ್ನಾಗಿ ತೊಳೆಯಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ವಿಷವಲ್ಲ ನಿಜ, ಆದರೆ ಬೂಷ್ಟಿನ ಧೂಳು ಕೆಲವರಿಗೆ ಅಲರ್ಜಿ ತರುತ್ತದೆ. ಆಸ್ತಮಾ ಇರುವವರ ಕೈಗೆ ಈ ಕೆಲಸ ಕೊಡಬೇಡಿ.

ಸತ್ತದ್ದು ಶಿಲೀಂಧ್ರದಿಂದಲೇ ಅಂತ ತಿಳಿಯುವುದು ಹೇಗೆ? ಒಂದು ವಾರದ ನಂತರ ಹೊಲದಲ್ಲಿ ಸಿಕ್ಕ ಸತ್ತ ಅಥವಾ ಮಂಕಾದ ಹುಳುಗಳನ್ನು ಹೆಕ್ಕಿ, ಒದ್ದೆ ಹತ್ತಿಯ ಮೇಲೆ ಇಟ್ಟು, ಡಬ್ಬಿ ಮುಚ್ಚಿ ನೆರಳಲ್ಲಿ ಇಡಿ. ಮೂರ್ನಾಲ್ಕು ದಿನದಲ್ಲಿ ಮೈಮೇಲೆ ಬಿಳಿ ನೂಲು ಬಂದು ಆಮೇಲೆ ಹಸಿರಾದರೆ ಅದು ಮೆಟಾರೈಝಿಯಂ. ಬಿಳಿಯಾಗಿಯೇ ಉಳಿದರೆ ಬವೇರಿಯಾ. ಕಪ್ಪಾಗಿ ಕೊಳೆತು ನಾರಿದರೆ ಬೇರೆ ಕಾರಣ. ಪಕ್ಕದ ಹೊಲದವರಿಗೆ ಆ ಡಬ್ಬಿ ತೋರಿಸಿ.

ಅವರ ಹೊಲದಲ್ಲೂ ಒಮ್ಮೆ ಹುಡುಕಿ ನೋಡಿ, ಯಾರೂ ಹೊಡೆಯದೆಯೇ ಹಸಿರು ಬೂಷ್ಟು ಹಿಡಿದ ಹುಳು ಸಿಗಬಹುದು. ಮೆಕ್ಕೆಜೋಳದ ಈ ಸೈನಿಕ ಹುಳು (ಫಾಲ್ ಆರ್ಮಿವರ್ಮ್) 2018ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿದ್ದು ನಮ್ಮ ಕರ್ನಾಟಕದಲ್ಲೇ. ಅದೇ ವರ್ಷವೇ ನೊಮೂರಿಯಾ ರಿಲೈ ಅನ್ನುವ ಶಿಲೀಂಧ್ರ ತಾನಾಗಿ ಅದಕ್ಕೆ ಬಿದ್ದದ್ದನ್ನು ವಿಜ್ಞಾನಿಗಳು ಗುರುತಿಸಿದರು. ಇದಕ್ಕೆ ಈಗ ಮೆಟಾರೈಝಿಯಂ ರಿಲೈ ಅನ್ನುವ ಹೆಸರಿದೆ. ಧಾರವಾಡ, ಬೆಳಗಾವಿ ಕಡೆಯ ಸೋಯಾ, ಶೇಂಗಾ ಬೆಳೆಗಾರರಿಗೆ ಇದು ಹೊಸದಲ್ಲ. ಮಳೆ ಹಿಡಿದುಕೊಂಡ ವರ್ಷಗಳಲ್ಲಿ ಎಲೆ ತಿನ್ನುವ ಹುಳುಗಳು ಸಾಲಾಗಿ ಎಲೆಗೆ ಅಂಟಿಕೊಂಡೇ ಬಿರುಸಾಗಿ ಸತ್ತಿರುತ್ತವೆ, ಮೈಯೆಲ್ಲ ತಿಳಿಹಸಿರು ಪುಡಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಈ ಶಿಲೀಂಧ್ರದ ಮೇಲೆ ಬಹಳ ಕಾಲದಿಂದ ಕೆಲಸ ಮಾಡಿದೆ. ಸೈನಿಕ ಹುಳುವಿಗೆ ಅಕ್ಕಿಕಾಳಿನ ಮೇಲೆ ಬೆಳೆಸಿದ ನೊಮೂರಿಯಾವನ್ನು ಲೀಟರಿಗೆ 3 ಗ್ರಾಂ ಹಾಕಿ ಅನ್ನುವ ಶಿಫಾರಸು ಇದೆ. ಸಿಕ್ಕರೆ ಜೋಳಕ್ಕೆ ನಿಮ್ಮ ಪುಡಿಗಿಂತ ಅದನ್ನೇ ನಾನು ಆರಿಸುತ್ತೇನೆ. ಈ ಜಾತಿಯ ಹುಳುಗಳಿಗೇ ಹೊಂದಿಕೊಂಡ ಶಿಲೀಂಧ್ರ ಅದು.

ಬಲಿತ ಹುಳುವೇ ಜಾಸ್ತಿ ಇದ್ದರೆ ಶಿಲೀಂಧ್ರಕ್ಕೆ ದುಡ್ಡು ಹಾಕಬೇಡಿ. ಆಗ ಅಕ್ಕಿ ತೌಡು, ಬೆಲ್ಲದ ವಿಷಪಾಷಾಣವನ್ನು ಸುಳಿಗೆ ಹಾಕುವುದೇ ದಾರಿ. ಸಾವಯವ ಅಂತ ಹಟ ಹಿಡಿದು ಬೆಳೆ ಕಳೆದುಕೊಳ್ಳಿ ಅಂತ ನಾನು ಹೇಳುವುದಿಲ್ಲ.

ಅಡಿಕೆ ಬೇರುಹುಳುವಿನ ಕತೆಯೇ ಬೇರೆ. ಮಣ್ಣಿನೊಳಗೆ ಬಿಸಿಲಿಲ್ಲ, ತೇವ ಇದೆ, ಉಷ್ಣಾಂಶ ಹೆಚ್ಚು ಏರಿಳಿಯುವುದಿಲ್ಲ, ಹುಳು ಓಡಿಹೋಗುವುದೂ ಇಲ್ಲ. ಮೆಟಾರೈಝಿಯಂ ಮೂಲತಃ ಮಣ್ಣಿನದೇ ಜೀವಿ, ಬೇರಿನ ಸುತ್ತ ಬದುಕಿಕೊಂಡಿರುತ್ತದೆ. ಇದನ್ನು ಪೀಡೆಯ ಮೇಲೆ ಬಳಸುವ ಯೋಚನೆ ಬಂದದ್ದೂ ಮಣ್ಣಿನ ಗೊಣ್ಣೆಹುಳುವಿನಿಂದಲೇ. 1879ರಲ್ಲಿ ಇಲ್ಯಾ ಮೆಚ್ನಿಕೋವ್ ಅನ್ನುವ ವಿಜ್ಞಾನಿ ಒಡೆಸ್ಸಾ ಕಡೆ ಗೋಧಿ ಹಾಳುಮಾಡುತ್ತಿದ್ದ ದುಂಬಿಯ ಮರಿಗಳಲ್ಲಿ ಈ ಹಸಿರು ರೋಗವನ್ನು ಕಂಡು, ಬೇಕೆಂದೇ ಬೆಳೆಸಿ ಹುಳುವಿಗೆ ಹರಡಬಹುದು ಅಂತ ತೋರಿಸಿದರು. ರೋಗನಿರೋಧಕ ಶಕ್ತಿಯ ಕೆಲಸಕ್ಕೆ 1908ರಲ್ಲಿ ನೊಬೆಲ್ ಪಡೆದವರೂ ಇವರೇ.

ಮೊದಲು ಹುಳು ಅದೇನಾ ಅಂತ ಖಾತ್ರಿ ಮಾಡಿಕೊಳ್ಳಿ. ಗರಿ ಹಳದಿಯಾಗಿ, ತುದಿಯ ಕಡೆ ಕಾಂಡ ಸಣ್ಣಗಾಗಿ, ತಳ್ಳಿದರೆ ಮರ ಅಲ್ಲಾಡುತ್ತಿದ್ದರೆ ಬುಡದ ಮಣ್ಣು ಬಿಡಿಸಿ ನೋಡಿ. ಬೇರು ಕಡಿದಿದ್ದು, ಬಾಗಿದ ಬಿಳಿ ಹುಳು ಸಿಕ್ಕರೆ ಬೇರುಹುಳುವೇ. ಗೊಬ್ಬರದ ಗುಂಡಿಯಲ್ಲಿ ಕಾಣುವ ಹೆಬ್ಬೆರಳು ಗಾತ್ರದ ದಪ್ಪ ಹುಳು ಹೆಚ್ಚಾಗಿ ಇದಲ್ಲ, ಅದು ತೆಂಗಿನ ಕುರುವಾಯಿ ದುಂಬಿಯ ಮರಿ. ಅದಕ್ಕೂ ಮೆಟಾರೈಝಿಯಂ ಚೆನ್ನಾಗಿ ಹಿಡಿಯುತ್ತದೆ, ಗುಂಡಿಗೇ ಹಾಕಬೇಕು.

ಬೇರುಹುಳುವಿನ ದುಂಬಿಗಳು ಮುಂಗಾರಿನ ಮೊದಲ ಮಳೆಗಳಿಗೆ, ರೋಹಿಣಿ ಮೃಗಶಿರ ಹೊತ್ತಿಗೆ ಮುಸ್ಸಂಜೆಯಲ್ಲಿ ಮಣ್ಣಿನಿಂದ ಏಳುತ್ತವೆ. ಆಮೇಲೆ ಮಣ್ಣಿನಲ್ಲಿ ಮೊಟ್ಟೆ. ಎಳೆಯ ಹುಳುಗಳು ಮೇಲ್ಮಣ್ಣಿನಲ್ಲಿ ಸಿಗುವುದು ಜುಲೈ, ಆಗಸ್ಟ್ ಹೊತ್ತಿಗೆ. ನಿಮ್ಮ ಗುರಿ ಅದೇ. ಬೇಸಿಗೆಯಲ್ಲಿ ಮಣ್ಣು ಒಣಗಿದ ಹಾಗೆ ಹುಳು ಆಳಕ್ಕೆ ಇಳಿಯುತ್ತದೆ, ಆಗ ಏನು ಹಾಕಿದರೂ ದಂಡ. ಮುಸ್ಸಂಜೆ ಏಳುವ ದುಂಬಿಗಳನ್ನು ಮನೆಮಂದಿಯೆಲ್ಲ ಸೇರಿ ಹಿಡಿದು ಸೀಮೆಎಣ್ಣೆ ನೀರಿಗೆ ಹಾಕಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಇದನ್ನು ಊರಲ್ಲಿ ಎಲ್ಲರೂ ಒಟ್ಟಿಗೆ ಮಾಡಬೇಕು. ಒಬ್ಬರೇ ಮಾಡಿದರೆ ಪಕ್ಕದ ತೋಟದ ದುಂಬಿ ಬಂದೇ ಬರುತ್ತದೆ.

ಪುಡಿ ಹಾಕುವುದು ಗೊಬ್ಬರದ ಜೊತೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಕ್ವಿಂಟಲ್, ಬೇವಿನ ಹಿಂಡಿ ಸ್ವಲ್ಪ, ಅದಕ್ಕೆ 1ರಿಂದ 2 ಕೆಜಿ ಪುಡಿ. ನೆರಳಲ್ಲಿ ಹಿಡಿದರೆ ಉಂಡೆಯಾಗುವಷ್ಟು ತೇವ ಮಾಡಿ, ಒದ್ದೆ ಗೋಣಿಚೀಲ ಮುಚ್ಚಿ, ಹತ್ತು ಹದಿನೈದು ದಿನ ಇಡಿ, ನಡುವೆ ಒಂದೆರಡು ಸಲ ಮಗುಚಿ. ಗೊಬ್ಬರದೊಳಗೆ ಕೈ ಇಟ್ಟರೆ ಬಿಸಿ ತಾಗುತ್ತಿದ್ದರೆ ಅದು ಇನ್ನೂ ಕಳಿತಿಲ್ಲ, ಆ ಬಿಸಿಗೆ ಶಿಲೀಂಧ್ರ ಸತ್ತೇ ಹೋಗುತ್ತದೆ. ಹದಿನೈದು ದಿನದಲ್ಲಿ ಅದು ನೂರಾರು ಪಟ್ಟು ಬೆಳೆಯುತ್ತದೆ ಅಂತ ಕೆಲವರು ಹೇಳುತ್ತಾರೆ. ಅಷ್ಟೆಲ್ಲ ನಂಬಬೇಡಿ. ಗೊಬ್ಬರದಲ್ಲಿ ಬೇರೆ ಜೀವಿಗಳ ಪೈಪೋಟಿ ಇದ್ದೇ ಇದೆ. ತೇವದ ಗೊಬ್ಬರದ ಜೊತೆ ಸಮವಾಗಿ ಹರಡಿ, ಬೇರಿನ ಹತ್ತಿರ ಉಳಿಯುತ್ತದಲ್ಲ, ಅದೇ ನಿಜವಾದ ಲಾಭ. ಮರದ ಬುಡದ ಸುತ್ತ ಮಣ್ಣು ಬಿಡಿಸಿ ಹಾಕಿ, ಮತ್ತೆ ಮಣ್ಣು ಮುಚ್ಚಿ. ಮೇಲೆ ಚೆಲ್ಲಿ ಬಿಟ್ಟರೆ ಪ್ರಯೋಜನವಿಲ್ಲ. ನೀರು ನಿಲ್ಲುವ ಕಡೆ ಬಸಿಗಾಲುವೆ ಸರಿ ಮಾಡಿ.

ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತೀರಲ್ವಾ? ಅದರ ತಾಮ್ರ ಬೂಷ್ಟಿಗೆ ಆಗಿಬರುವುದಿಲ್ಲ. ಗೊನೆಗೆ ಹೊಡೆಯುವಾಗ ನೆಲಕ್ಕೆ ಒಂದಿಷ್ಟು ಬೀಳುವುದನ್ನು ತಡೆಯಲಾಗದು, ಮಣ್ಣು ಮುಚ್ಚಿದ್ದರೆ ಅದು ದೊಡ್ಡ ವಿಷಯವೂ ಅಲ್ಲ. ಆದರೆ ಮೆಟಾರೈಝಿಯಂ ಹಾಕಿದ ಬುಡಕ್ಕೆ ತಾಮ್ರವನ್ನೋ ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕವನ್ನೋ ಸುರಿಯಬೇಡಿ.

ಒಂದು ವರ್ಷದಲ್ಲಿ ತೋಟ ಶುದ್ಧವಾಗುತ್ತದೆ ಅಂತ ಕಾಯಬೇಡಿ. ಬಲಿತ ಬೇರುಹುಳು ಸಾಯಲು ವಾರಗಳೇ ಬೇಕು, ಕೆಲವು ಸಾಯುವುದೂ ಇಲ್ಲ. ಎರಡು ಮೂರು ಮುಂಗಾರು ಸತತವಾಗಿ ಹಾಕಿದವರಿಗೆ ವ್ಯತ್ಯಾಸ ಕಾಣುತ್ತದೆ. ಅನುಮಾನ ಇದ್ದರೆ ಎರಡು ಬಕೆಟ್‌ನಲ್ಲಿ ತೋಟದ ತೇವದ ಮಣ್ಣು ತುಂಬಿ, ಒಂದಕ್ಕೆ ಮಾತ್ರ ಪುಡಿ ಬೆರೆಸಿ, ಎರಡಕ್ಕೂ ಹತ್ತತ್ತು ಎಳೆಯ ಹುಳು ಬಿಡಿ. ತಿನ್ನಲು ಒಂದಿಷ್ಟು ಎಳೆ ಬೇರು ಹಾಕಿ. ಮೂರ್ನಾಲ್ಕು ವಾರದ ಮೇಲೆ ಮಣ್ಣು ಸುರಿದು ಎಣಿಸಿ. ಪುಡಿ ಒಳ್ಳೆಯದಾ ಕೆಟ್ಟದ್ದಾ ಅಂತ ಹೇಳಲು ಇದಕ್ಕಿಂತ ಅಗ್ಗದ ಪರೀಕ್ಷೆ ನನಗೆ ಗೊತ್ತಿಲ್ಲ.

ಕೆಟ್ಟ ಪುಡಿ ಮಾರುಕಟ್ಟೆಯಲ್ಲಿ ಇದ್ದೇ ಇದೆ. ಪ್ಯಾಕೆಟ್ ಮೇಲೆ ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಂಖ್ಯೆ, ತಯಾರಾದ ತಾರೀಖು, ಗ್ರಾಂಗೆ ಕನಿಷ್ಠ 10 ಕೋಟಿ ಜೀವಂತ ಕಣ ಅನ್ನುವ ವಿವರ ಇರಬೇಕು. ಇಂಗ್ಲಿಷ್ ಲೇಬಲ್ಲಿನಲ್ಲಿ 1×10⁸ ಅಂತ ಬರೆದಿರುವುದು ಇದನ್ನೇ. ಅಂಗಡಿಯ ತಗಡಿನ ಮಾಡಿನ ಕೆಳಗೆ ಬೇಸಿಗೆಯಿಡೀ ಬಿದ್ದ ಪುಡಿಯಲ್ಲಿ ಲೇಬಲ್ ಹೇಳುವಷ್ಟು ಜೀವ ಉಳಿದಿರುವುದಿಲ್ಲ. ಇನ್ನು "ನಮ್ಮ ಬವೇರಿಯಾ ಒಂದೇ ದಿನದಲ್ಲಿ ಹುಳು ಕೆಡವುತ್ತದೆ" ಅಂತ ಯಾರಾದರೂ ಹೇಳಿದರೆ ಖುಷಿಪಡಬೇಡಿ. ಬೂಷ್ಟಿಗೆ ಅದು ಸಾಧ್ಯವೇ ಇಲ್ಲ. ಒಳಗೆ ರಾಸಾಯನಿಕ ಬೆರೆತಿದೆ ಅಂತಲೇ ಅರ್ಥ.

ಬೆಲ್ಲದ ನೀರಿನ ಡ್ರಮ್ ಬೇಡ. ಬೆಲ್ಲ ಕಂಡರೆ ಮೊದಲು ಓಡಿಬರುವುದು ಯೀಸ್ಟ್ ಮತ್ತು ಬ್ಯಾಕ್ಟೀರಿಯಾ, ಗಂಟೆ ಲೆಕ್ಕದಲ್ಲಿ ಅವು ಇಮ್ಮಡಿಯಾಗುತ್ತವೆ. ನಿಮ್ಮ ನಿಧಾನದ ಬೂಷ್ಟು ಅವುಗಳ ಮುಂದೆ ನಿಲ್ಲುವುದಿಲ್ಲ. ಐದನೇ ದಿನ ಡ್ರಮ್ಮಿನಲ್ಲಿ ನೊರೆ, ಹುಳಿ ವಾಸನೆ ಬಂದರೆ "ಬೆಳೆದಿದೆ" ಅಂದುಕೊಳ್ಳುತ್ತಾರೆ. ಬೆಳೆದದ್ದು ಬೇರೆ ಯಾವುದೋ. ಅಕ್ಕಿ ಬೇಯಿಸಿ, ಕುಕ್ಕರಿನಲ್ಲಿ ಶುದ್ಧ ಮಾಡಿ, ಚೀಲದಲ್ಲಿ ಬೆಳೆಸುವ ಪದ್ಧತಿ ಒಳ್ಳೆಯದು. ಆದರೆ ತರಬೇತಿ ಇಲ್ಲದೆ ಕೈಹಾಕಬೇಡಿ. ಅಕ್ಕಿಯ ಮೇಲೆ ನಂಜಿನ ಬೇರೆ ಬೂಷ್ಟುಗಳೂ ಬೆಳೆಯುತ್ತವೆ, ಕೆಲವು ಹಸಿರಾಗಿಯೇ ಇರುತ್ತವೆ, ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು.

ರೇಷ್ಮೆಯ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಮಾರುವವರು ಯಾರೂ ಇದನ್ನು ತಾವಾಗಿ ಹೇಳುವುದಿಲ್ಲ. ರೇಷ್ಮೆ ಬೆಳೆಗಾರರು ಸುಣ್ಣಕಟ್ಟು ರೋಗ ಅನ್ನುತ್ತಾರಲ್ಲ, ಹುಳು ಬಿರುಸಾಗಿ ಸುಣ್ಣದ ಕಡ್ಡಿಯಂತೆ ಬೆಳ್ಳಗಾಗುವ ರೋಗ, ಅದಕ್ಕೆ ಕಾರಣ ಬವೇರಿಯಾ ಬಾಸಿಯಾನಾ. ಅಂಗಡಿಯಲ್ಲಿ ಕೀಟನಾಶಕವಾಗಿ ಮಾರುವ ಅದೇ ಬವೇರಿಯಾ. ಇಟಲಿಯ ಅಗಸ್ಟಿನೋ ಬಾಸಿ 1835ರಲ್ಲಿ ರೇಷ್ಮೆ ಹುಳುವಿನ ಈ ಕಾಯಿಲೆ ಒಂದು ಸೂಕ್ಷ್ಮ ಬೂಷ್ಟಿನಿಂದ ಬರುತ್ತದೆ, ಒಂದರಿಂದ ಒಂದಕ್ಕೆ ಅಂಟುತ್ತದೆ ಅಂತ ತೋರಿಸಿದರು. ಶಿಲೀಂಧ್ರಕ್ಕೆ ಅವರದೇ ಹೆಸರು ಬಂತು. ಮೆಟಾರೈಝಿಯಂ, ನೊಮೂರಿಯಾಗಳಿಂದಲೂ ರೇಷ್ಮೆ ಹುಳುವಿಗೆ ಹಸಿರು ಬೂಷ್ಟಿನ ರೋಗ ಬರಬಹುದು.

ಹಾಗಾಗಿ ನಿಮ್ಮ ಹೊಲದಲ್ಲಿ ಬವೇರಿಯಾ ಪೂರ್ತಿ ಬೇಡ. ಮೆಟಾರೈಝಿಯಂ ಅನ್ನೂ ಬದುವಿನ ಕಡೆಯ ಜೋಳಕ್ಕೆ ಹೊಡೆಯಬೇಡಿ. ಅಡಿಕೆ ಬುಡದ ಮಣ್ಣಿನೊಳಗೆ ಹಾಕುವುದಕ್ಕೆ ಅಷ್ಟು ಹೆದರಬೇಕಿಲ್ಲ, ಅದು ಗಾಳಿಗೆ ಹಾರುವುದಿಲ್ಲ. ಪುಡಿ ಕಲಸಿದ ಕೈ, ಬಟ್ಟೆಯಲ್ಲಿ ಅವರ ಹುಳುಮನೆಗೋ ಹಿಪ್ಪುನೇರಳೆ ತೋಟಕ್ಕೋ ಹೋಗಬೇಡಿ. ಹಾಗಂತ ಆ ಬದುವಿಗೆ ರಾಸಾಯನಿಕ ಹೊಡೆದರೆ ಇನ್ನೂ ಕೆಟ್ಟದ್ದು. ಸೈನಿಕ ಹುಳುವಿಗೆ ಬಳಸುವ ಕ್ಲೋರಾಂಟ್ರಾನಿಲಿಪ್ರೋಲ್ ಹಿಪ್ಪುನೇರಳೆ ಎಲೆಗೆ ಒಂದು ಚೂರು ತಾಗಿದರೂ ರೇಷ್ಮೆ ಹುಳು ಉಳಿಯುವುದು ಕಷ್ಟ. ಬದುವಿನ ಪಕ್ಕದ ಸಾಲುಗಳಲ್ಲಿ ಮೊಟ್ಟೆಯ ಗುಂಪುಗಳನ್ನು ಕೈಯಲ್ಲೇ ಹೊಸಕಿ, ಸುಳಿಗೆ ಒಣ ಮರಳು ಹಾಕಿ. ಮೂರು ಎಕರೆಗೆಲ್ಲ ಅದು ಆಗದ ಕೆಲಸ, ಒಂದು ಅಂಚಿಗೆ ಆಗುತ್ತದೆ. ಅವರು ಚಾಕಿ (ಎಳೆಯ ರೇಷ್ಮೆ ಹುಳು) ತರುವ ದಿನ ಕೇಳಿಕೊಂಡು ನಿಮ್ಮ ಕೆಲಸ ಹೊಂದಿಸಿಕೊಳ್ಳಿ.

ಉಳಿದ 4 ಕೆಜಿ ಪುಡಿಯನ್ನು ಮುಂದಿನ ವರ್ಷಕ್ಕೆ ಇಡಬೇಡಿ. ಇವುಗಳ ಆಯಸ್ಸು ಸಾಮಾನ್ಯವಾಗಿ 6ರಿಂದ 12 ತಿಂಗಳು, ಅದೂ ತಂಪಾದ ಜಾಗದಲ್ಲಿ. ಪ್ಯಾಕೆಟ್ಟಿನ ತಾರೀಖು ಮುಗಿದಿಲ್ಲ ಅಂದರೆ ಈಗಲೇ 2 ಕ್ವಿಂಟಲ್ ಗೊಬ್ಬರಕ್ಕೆ ಬೆರೆಸಿ. ಮರಕ್ಕೆ ಒಂದು ಕೆಜಿಯಂತೆ 200 ಮರಕ್ಕೆ ಆಗುತ್ತದೆ. ಇಡೀ ತೋಟಕ್ಕೆ ಸಾಲದು, ಬೇಕಾಗಿಯೂ ಇಲ್ಲ. ಬೇರುಹುಳು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಗುಂಪು ಗುಂಪಾಗಿ ಇರುತ್ತದೆ. ಹಳದಿಯಾದ ಮರಗಳಿಗೂ, ಅವುಗಳ ಸುತ್ತ ಒಂದೆರಡು ಸಾಲಿನ ಹಸಿರು ಮರಗಳಿಗೂ ಹಾಕಿ. ಹಾಕಿದ ಮರಗಳಿಗೆ ಸುಣ್ಣದ ಗುರುತು ಬಳಿದಿಟ್ಟುಕೊಳ್ಳಿ, ಸೆಪ್ಟೆಂಬರಿನಲ್ಲಿ ಅಲ್ಲೇ ಬುಡ ಬಿಡಿಸಿ ಎಷ್ಟು ಹುಳು ಇದೆ ಅಂತ ನೋಡಿ ನನಗೆ ಬರೆಯಿರಿ.